ಮಧ್ಯಾಹ್ನದ ಹೊಲಿಗೆ

ಬುಧವಾರ, ಹತ್ತನೇ ತಾರೀಖು

ನನ್ನ ಮುದ್ದು ಪುಟ್ಟಿಗೆ,

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಅಜ್ಜಿ ಉತ್ತರ ಹಾಕಲಿಲ್ಲ ಎಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ನನಗೆ ಗೊತ್ತಿಲ್ಲದ್ದೇನಲ್ಲ. ಮೊದಲು ಕನ್ನಡಕದ ಕಡ್ಡಿ ಮುರಿಯಿತು. ನಿಮ್ಮಪ್ಪ ಅದಕ್ಕೆ ಹಾಸಿಗೆ ಹೊಲಿಯುವ ದಾರ ಸುತ್ತಿ ಎಷ್ಟು ಭದ್ರ ಮಾಡಿಕೊಟ್ಟಿದ್ದಾನೆಂದರೆ, ಇನ್ನು ನನ್ನ ಕಿವಿ ಬಿದ್ದುಹೋದರೂ ಕನ್ನಡಕ ಬೀಳುವುದಿಲ್ಲ. ಆಮೇಲೆ ಪೆನ್ನಿಗೆ ಜ್ವರ ಬಂತು, ಕೊಡವಿದರೆ ಒಂದಕ್ಷರ ಉಗುಳುತ್ತಿತ್ತು. ಅದೂ ಸರಿಹೋದ ಮೇಲೆ ಏನು ಬರೆಯಬೇಕು ಎಂದು ತೋಚಲಿಲ್ಲ. ನಿಜವಾದ ಕಾರಣ ಅದೇ. ಉಳಿದದ್ದೆಲ್ಲ ಒಗ್ಗರಣೆ.

ನಾವಿಬ್ಬರೂ ಉಂಡು, ಮಲಗಿ, ಎದ್ದುಕೊಂಡು ಇದ್ದೇವೆ. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಅತ್ತೆಯನ್ನು ಕಂಡ ಹೊಸ ಸೊಸೆಯ ಹಾಗೆ ಹಿಂದೆ ಸರಿಯುತ್ತದೆ. ಕೆಳಮನೆಯ ಗಡಿಯಾರ ರಿಪೇರಿಯವನು ಕೊನೆಗೂ ಗೋಡೆಗೆ ಸುಣ್ಣ ಹೊಡೆಸಿದ. ಅರ್ಧಕ್ಕೇ ಸುಣ್ಣ ಮುಗಿದು, ಮನೆ ಒಂದೇ ಕೆನ್ನೆಗೆ ಪೌಡರ್ ಹಚ್ಚಿಕೊಂಡವಳ ಹಾಗೆ ನಿಂತಿದೆ. ನಿನ್ನ ಮಂಚದ ಮೇಲೆ ಒಗೆದ ಬಟ್ಟೆ ರಾಶಿ ಹಾಕುತ್ತೇನೆ. ಖಾಲಿ ಮಂಚ ನೋಡುವುದಕ್ಕಿಂತ ಅದು ವಾಸಿ.

ಈಗ ನಿನ್ನ ವಿಷಯ.

ನೀನು ಬರೆದದ್ದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನರ್ಸಿಂಗ್ ಶಾಲೆಯ ಮೊದಲ ದಿನ ಟೀಚರು ಎಲ್ಲರನ್ನೂ ನಿಲ್ಲಿಸಿ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರಂತೆ. ನೀನು ಎದ್ದು, ನಮ್ಮಪ್ಪ ಹಾಸಿಗೆ ಹೊಲಿಯುತ್ತಾರೆ ಎಂದೆಯಂತೆ. ಅದರಲ್ಲಿ ನಗುವಂಥದ್ದು ಏನಿತ್ತೋ ನನಗಂತೂ ಕಾಣಲಿಲ್ಲ. ನಕ್ಕವರೆಲ್ಲ ಹುಟ್ಟಿದ್ದು ಹಾಸಿಗೆಯ ಮೇಲೇ ಅಲ್ಲವೇ, ಮರದ ಕೊಂಬೆಯಲ್ಲೇನೂ ಅಲ್ಲವಲ್ಲ. ಅವತ್ತಿನಿಂದ ನಿನ್ನ ಹೆಸರೇ ಹಾಸಿಗೆ. ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಹಾಸಿಗೆ ಸರಿ ಮಾಡಿ ಎಂದರೆ ಸಾಲಿಗೆ ಸಾಲೇ ನಿನ್ನ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ. ಊಟದ ಮನೆಯಲ್ಲಿ, ಹಾಸಿಗೆ ಇದೆಯಲ್ಲ, ಕುರ್ಚಿ ಯಾಕೆ ಎಂದು ನಿನ್ನ ತೊಡೆಯ ಮೇಲೆ ಕೂರುತ್ತಾರೆ. ಇಷ್ಟನ್ನು ಓದುವವರೆಗೆ ನಾನು ಗೊಣಗುತ್ತಿದ್ದೆ, ಅಷ್ಟೆ. ನಿನ್ನ ಬೆನ್ನಿಗೆ ‘ಈ ಹಾಸಿಗೆ ಖಾಲಿ ಇದೆ’ ಎಂದು ಚೀಟಿ ಅಂಟಿಸಿದ್ದು, ನೀನು ಅದನ್ನು ಹೊತ್ತು ಗಂಡಸರ ವಾರ್ಡಿನಲ್ಲಿ ಬೆಳಗೆಲ್ಲ ಓಡಾಡಿದ್ದು, ಕೊನೆಗೆ ಕಾಲು ಮುರಿದುಕೊಂಡ ಮುದುಕನೊಬ್ಬ ಕರೆದು ಕಿತ್ತುಕೊಟ್ಟದ್ದು, ಅಲ್ಲಿಗೆ ಬಂದಾಗ ಕನ್ನಡಕ ತೆಗೆದಿಟ್ಟೆ.

ಬೈಗುಳ ನನಗೆ ಬರುವುದಿಲ್ಲವೆ? ಈ ಬೀದಿಯಲ್ಲಿ ನನ್ನ ಬಾಯಿಗೆ ಹೆದರಿ ಹಾಲಿನವನು ನೀರು ಕಡಿಮೆ ಬೆರೆಸುತ್ತಾನೆ. ಆದರೆ ನಾನು ಇಲ್ಲಿಂದ ಬೈದರೆ ಅಲ್ಲಿ ಯಾರ ಕಿವಿಗೆ ಮುಟ್ಟೀತು. ಮಡಕೆಯ ಬಾಯಿಗೆ ಮುಚ್ಚಳ ಸಿಗುತ್ತದೆ, ಮಂದಿ ಬಾಯಿಗೆ ಎಲ್ಲಿಂದ ತರಲಿ.

ನೋಡು, ಅಪ್ಪನನ್ನು ಅಂಗಡಿಯವರು ದಿಂಬು ಎಂದು ಕರೆಯುತ್ತಾರೆ, ಎಷ್ಟು ಗುದ್ದಿದರೂ ಸದ್ದು ಮಾಡುವುದಿಲ್ಲ ಎಂದು. ಈಗ ಮಗಳು ಹಾಸಿಗೆ. ನಾನೊಬ್ಬಳು ಹೊದಿಕೆ ಆಗಿಬಿಟ್ಟರೆ ಸಂಸಾರ ಪೂರ್ತಿಯಾಗುತ್ತದೆ. ನಗು ಬಂತೇ? ಬರದಿದ್ದರೆ ಬೇಡ ಬಿಡು, ನನಗೂ ಬರಲಿಲ್ಲ.

ನೀನು ಕೇಳಿದ್ದೀಯ: ‘ಅಪ್ಪ ಎಷ್ಟು ವರ್ಷದಿಂದ ಎಲ್ಲವನ್ನೂ ನಕ್ಕು ತಳ್ಳಿಹಾಕುತ್ತಾರೆ, ಅದು ಹೇಗೆ ಸಾಧ್ಯ ಎಂದು ಕೇಳಿ ಬರೆ.’ ನಿನಗೆ ನೆನಪಿರುವುದು ಚಿಕ್ಕಂದಿನಲ್ಲಿ ಬುತ್ತಿ ಡಬ್ಬಿ ಒಯ್ದಾಗ ಕಂಡದ್ದು. ಯಜಮಾನ ಮಧ್ಯಾಹ್ನ ಮನೆಗೆ ಹೋಗುತ್ತಾನೆ. ಕೆಲಸದವರು ಉಂಡು, ಹೊಸದಾಗಿ ತುಂಬಿಸಿದ ಹಾಸಿಗೆಯ ಮೇಲೆ ಒಂದು ಗಳಿಗೆ ಅಡ್ಡಾಗುತ್ತಾರೆ. ಹೊಸಬ ಸೇರಿದರೆ, ಅವನ ಕಣ್ಣು ಮುಚ್ಚಿದೊಡನೆ ದಬ್ಬಳಕ್ಕೆ ದಾರ ಪೋಣಿಸಿ ಅವನ ಅಂಗಿಯ ಅಂಚನ್ನು ಹಾಸಿಗೆಯ ಗವಸಿಗೆ ಹೊಲಿದುಬಿಡುವುದು, ಆಮೇಲೆ ‘ಯಜಮಾನ್ರು ಬಂದ್ರು’ ಎಂದು ಕೂಗುವುದು. ಅವನು ದಡಬಡಿಸಿ ಎದ್ದರೆ ಹಾಸಿಗೆಯೂ ಜೊತೆಗೆ ಏಳುತ್ತದೆ. ಹೊಸಬನಿಗೆ ಒಂದು ಸಲ ಮಾಡುವ ಶಾಸ್ತ್ರ ಅದು. ನಿಮ್ಮಪ್ಪನಿಗೆ ಮಾತ್ರ ಹೊಸತನ ಕಳೆಯಲೇ ಇಲ್ಲ. ನೀನು ಆವತ್ತು ಚಪ್ಪಾಳೆ ತಟ್ಟಿಕೊಂಡು ಮನೆಗೆ ಬಂದೆ: ‘ಅಜ್ಜಿ, ಅಪ್ಪ ಹಾಸಿಗೆ ಹೊತ್ಕೊಂಡು ಡ್ಯಾನ್ಸ್ ಮಾಡಿದ್ರು.’

ಅವನು ಮನೆಗೆ ತಂದ ಅಂಗಿಗಳನ್ನು ಒಗೆಯುವವಳು ನಾನು. ಅಂಚಿನಲ್ಲಿ ಸಾಲಾಗಿ ತೂತು, ಅದರಲ್ಲಿ ಸಿಕ್ಕಿಕೊಂಡ ದಾರದ ಚೂರು. ಕಿತ್ತು, ರಫೂ ಮಾಡಿ, ಮಡಿಸಿ ಇಡುತ್ತೇನೆ. ಅವನು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಈ ಸಲ ಕೇಳಿಯೇ ಬರೆಯುತ್ತೇನೆ, ಮಾತು ಕೊಟ್ಟಿದ್ದೇನೆ.

ಅಲ್ಲಿಯವರೆಗೆ ಹೊಟ್ಟೆ ತುಂಬ ಉಣ್ಣು. ಅತ್ತುಕೊಂಡು ಉಂಡರೂ ಅನ್ನ ಮೈಗೆ ಹತ್ತುತ್ತದೆ. ಬಾಗಿಲು ದಾಟುವ ಮುಂಚೆ ಬೆನ್ನು ಮುಟ್ಟಿ ನೋಡಿಕೋ.

ನೂರು ವರ್ಷ ಗಟ್ಟಿಯಾಗಿ ಬಾಳು ಎಂದು ಹರಸುವ
ನಿನ್ನ ಅಜ್ಜಿ


ಭಾನುವಾರ, ಇಪ್ಪತ್ತೊಂದನೇ ತಾರೀಖು

ಮುದ್ದು ಪುಟ್ಟಿಗೆ,

ಈ ಸಲ ತಡವಾಗಿಲ್ಲ, ಮೆಚ್ಚಿಕೋ. ಬೇಗ ಬರೆಯಬೇಕೆಂದು ಕೈ ತುರಿಸುತ್ತಿದೆ. ಒಲೆಯ ಮೇಲೆ ಹಾಲಿಟ್ಟು ಬರೆಯಲು ಕೂತಿದ್ದೆ, ಉಕ್ಕಿ ಹೋಯಿತು. ಹೋಗಲಿ, ನೀರೇ ಜಾಸ್ತಿ ಇತ್ತು.

ನಿಮ್ಮಪ್ಪನನ್ನು ಕೇಳಿದೆ. ಸಂಜೆ ಅಂಗಡಿಯಿಂದ ಬಂದು ಬಚ್ಚಲ ಹತ್ತಿರ ಕಿವಿಯೊಳಗಿನ ಹತ್ತಿ ತೆಗೆಯುತ್ತಿದ್ದ. ಏನೋ, ಅವರು ಅಷ್ಟೊಂದು ಆಡಿಕೊಂಡರೂ ನೀನು ಹೇಗೆ ನಗುತ್ತೀಯ, ನಿನ್ನ ಮಗಳು ಕೇಳಿದ್ದಾಳೆ ಎಂದೆ. ಅದಕ್ಕೂ ನಕ್ಕ. ಅವಳಿಗ್ಯಾಕೆ ಅದೆಲ್ಲ ಎಂದ. ನನ್ನ ಬಾಯಿ ನಿನಗೆ ಗೊತ್ತಲ್ಲ, ಒಂದು ಸಲ ತೆರೆದರೆ ಅರ್ಧಕ್ಕೆ ಮುಚ್ಚುವುದಿಲ್ಲ. ಹಾಸಿಗೆ ಎಂದು ಕರೆಯುವುದು, ತೊಡೆಯ ಮೇಲೆ ಕೂರುವುದು, ಚೀಟಿ, ಮುದುಕ, ಎಲ್ಲ ಹೇಳಿಬಿಟ್ಟೆ. ನೀನು ಅಪ್ಪನಿಗೆ ಹೇಳಬೇಡ ಎಂದು ಬರೆದಿದ್ದೆ. ಓದಿದ್ದೆ. ಹೇಳಿದೆ.

ಅವನು ಕಿವಿಯಿಂದ ಬೆರಳು ತೆಗೆಯಲಿಲ್ಲ.

‘ಚೀಟಿ ಎಲ್ಲಿ ಅಂಟ್ಸಿದ್ರು?’ ಎಂದ.

‘ಬೆನ್ನಿಗೆ.’

‘ನಾನು ಮಾಡೋ ಕೆಲಸದಿಂದಾನಾ?’

ಇದಕ್ಕೆ ಅಲ್ಲ ಎಂದು ಸುಳ್ಳು ಹೇಳುವಷ್ಟು ಬುದ್ಧಿ ಆಗ ಓಡಲಿಲ್ಲ. ಅವನು ಊಟ ಮಾಡಿದ, ತಟ್ಟೆ ತೊಳೆದ, ಕಿಟಕಿಯ ಹತ್ತಿರ ಕೂತ. ನನ್ನ ಕಡೆ ತಿರುಗದೆ ಹೇಳಿದ: ‘ನಾನು ನಗ್ತಾ ಇದ್ದದ್ದು ನೋಡಿ ಬೆಳೆದ್ಲು ಅಮ್ಮ. ಅದಕ್ಕೇ ತಾನೂ ನಗಬೇಕು ಅಂದ್ಕೊಂಡಿದಾಳೆ.’

ಮರುದಿನ ಅಂಗಡಿಯಲ್ಲಿ ನಡೆದದ್ದನ್ನು ಅವನೇ ಹೇಳಿದ. ನಾನು ಚೂರು ಚೂರಾಗಿ ಹಿಂಡಿ ತೆಗೆದೆ. ಅಲ್ಲಿರುವ ಇಬ್ಬರು ನಿನಗೆ ಗೊತ್ತು: ಹತ್ತಿ ಹಿಂಜುವ ಯಂತ್ರದವನು, ನಾನು ಹತ್ತಿಮೀಸೆ ಎನ್ನುತ್ತೇನಲ್ಲ, ಮೂಗಿನ ಕೆಳಗೆ ಸದಾ ಬೆಳ್ಳಗೆ ಅಂಟಿರುತ್ತದೆ, ಅವನು; ಮತ್ತು ಗವಸಿನ ಬಟ್ಟೆ ಕತ್ತರಿಸುವ ಮಾಸ್ಟರು. ಇಬ್ಬರೂ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಾಗ ನಿಮ್ಮಪ್ಪ ಎದ್ದು ನಿಂತನಂತೆ. ನಿಂತು ಮಾತಾಡಿದ್ದು ಅವನ ಜನ್ಮದಲ್ಲೇ ಅದು ಮೊದಲು. ಇನ್ನು ಮೇಲೆ ನನ್ನ ಅಂಗಿ ಹೊಲಿಯಬೇಡಿ ಎಂದನಂತೆ. ಅವರು ತಮಾಷೆ ಎಂದುಕೊಂಡು ನಕ್ಕರು. ಇವನು ನಗಲಿಲ್ಲ. ಮಗಳು ದೊಡ್ಡವಳಾಗಿದ್ದಾಳೆ, ಬೇಡ ಎಂದ. ಹತ್ತಿಮೀಸೆ ಬಾಯಲ್ಲಿದ್ದದ್ದನ್ನು ನುಂಗಿ ಮಾಸ್ಟರ ಮುಖ ನೋಡಿದ. ಮಾಸ್ಟರು, ‘ಆಯ್ತು ಬಿಡಣ್ಣ, ಮುಟ್ಟಲ್ಲ’ ಎಂದರು. ಅಷ್ಟೆ. ಜಗಳವಿಲ್ಲ, ಕೂಗಾಟವಿಲ್ಲ. ಅವತ್ತು ಮಧ್ಯಾಹ್ನ ಇವನು ಮಗುವಿನ ಹಾಗೆ ನಿದ್ದೆ ಮಾಡಿದನಂತೆ.

ಇಷ್ಟು ಸುಲಭ ಇತ್ತು ನೋಡು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದನಲ್ಲ ಎಂದು ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು. ವಾರವಿಡೀ ಅಂಗಿಗಳು ತೂತಿಲ್ಲದೆ ಬಂದಿವೆ. ಒಗೆಯುವಾಗ ಅಂಚಿಗೆ ಬೆರಳಾಡಿಸಿ ನೋಡುತ್ತೇನೆ, ನುಣ್ಣಗಿದೆ. ಬೀದಿಯಲ್ಲಿ ನಡೆಯುವಾಗ ಅವನ ಭುಜ ನಿನ್ನೆ ಸ್ವಲ್ಪ ಮೇಲಿತ್ತು. ಗಡಿಯಾರದವನು ಕೂಡ, ‘ಏನಜ್ಜಿ, ನಿಮ್ಮ ಮಗ ಎತ್ತರ ಆಗಿದಾನೆ’ ಎಂದ. ನಿಮ್ಮ ಗಡಿಯಾರ ಹಿಂದಿದೆ, ಅವನು ಎತ್ತರವಾಗಿ ಬಹಳ ದಿನವಾಯಿತು ಎಂದೆ.

ಆದ್ದರಿಂದ ನೀನೂ ಹಾಗೇ ಮಾಡು. ಅಳುವ ಹೊತ್ತಿನಲ್ಲಿ ಹೇಳಬೇಡ, ಕೂಗಿಕೊಂಡೂ ಹೇಳಬೇಡ. ಅವರು ಉಣ್ಣುವಾಗ ಹೇಳು, ಬಾಯಿ ತುಂಬಿರುತ್ತದೆ, ಎದುರು ಮಾತು ಬೇಗ ಹೊರಡುವುದಿಲ್ಲ. ಎದ್ದು ನಿಂತು, ನನ್ನನ್ನು ಹಾಗೆ ಕರೆಯಬೇಡಿ ಎನ್ನು. ಅಪ್ಪನ ಕೆಲಸದ ಬಗ್ಗೆ ನಾಚಿಕೆ ಪಡಬೇಡ. ಅವರು ಮಲಗಿದ ಹಾಸಿಗೆಯನ್ನೂ ಯಾರೋ ಹೊಲಿದಿರುತ್ತಾರೆ, ತಾನೇ ಮೊಳೆತದ್ದಲ್ಲ.

ನಿಮ್ಮಮ್ಮ ಇದ್ದಿದ್ದರೆ ಇದನ್ನೆಲ್ಲ ಮೆತ್ತಗೆ ಹೇಳುತ್ತಿದ್ದಳು. ನನಗೆ ಮೆತ್ತಗೆ ಬರುವುದಿಲ್ಲ. ಅವಳು ಹೋದ ಮೇಲೆ ನಿನಗೆ ಸಿಕ್ಕಿದ್ದು ಈ ಬಾಯಿ ಒಂದೇ.

ಗೆದ್ದು ಬಾ, ಮಗಳೇ.
ನಿನ್ನ ಅಜ್ಜಿ


ಶುಕ್ರವಾರ, ಹದಿನೇಳನೇ ತಾರೀಖು

ಪುಟ್ಟಿಗೆ,

ನಿನ್ನ ಎರಡು ಕಾಗದ ಬಂದವು. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು. ಈ ಸಲ ಕನ್ನಡಕ ನೆಟ್ಟಗಿತ್ತು, ಪೆನ್ನೂ ನೆಟ್ಟಗಿತ್ತು. ನನಗೇ ಧೈರ್ಯ ಇರಲಿಲ್ಲ.

ನೀನು ನಾನು ಹೇಳಿದ ಹಾಗೆಯೇ ಮಾಡಿದೆ. ಊಟದ ಮನೆಯಲ್ಲಿ ಎದ್ದು ನಿಂತು ಹೇಳಿದೆ. ದನಿ ನಡುಗಲಿಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಅವರೂ ಸರಿ ಎಂದರು. ಮರುದಿನದಿಂದ ನಿನ್ನನ್ನು ಯಾರೂ ಹಾಸಿಗೆ ಎಂದು ಕರೆಯಲಿಲ್ಲ. ಅದರ ಮರುದಿನ ಗೊತ್ತಾಯಿತು, ಯಾವ ಹೆಸರಿನಿಂದಲೂ ಕರೆಯುತ್ತಿಲ್ಲ. ನೀನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಪಕ್ಕದ ಕುರ್ಚಿ ಖಾಲಿ. ವಾರ್ಡಿನಲ್ಲಿ ಹೊದಿಕೆಯ ಇನ್ನೊಂದು ತುದಿ ಹಿಡಿಯಬೇಕಾದವಳು ಅದನ್ನು ರೋಗಿಯ ಕಾಲ ಮೇಲೆ ಇಟ್ಟು ಹೋಗುತ್ತಾಳೆ. ಏನಾದರೂ ಕೇಳಿದರೆ ‘ಹೇಳಿ ಮೇಡಂ’ ಎನ್ನುತ್ತಾರೆ.

ಎರಡನೇ ಕಾಗದದಲ್ಲಿ ನೀನು ಕೇಳಿದ್ದೀಯ: ‘ಅಜ್ಜಿ, ನಾನೇ ಹೋಗಿ ಹಾಸಿಗೆ ಅಂತಲೇ ಕರೆಯಿರಿ ಎನ್ನಲೇ? ನಗುತ್ತಾ ಹೇಳಿದರೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಬೇಡವಾದರೆ ಬೇಡ ಎನ್ನು, ಹೇಗಿದ್ದರೂ ಬೇಗ ಬರೆ.’

ಬರೆಯಲಾಗಲಿಲ್ಲ. ಇಲ್ಲೂ ಅದೇ ಕಥೆ ನಡೆಯುತ್ತಿತ್ತು.

ನಿಮ್ಮಪ್ಪ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಈಗ ಕೆಲಸ ಬೇಗ ಮುಗಿಯುತ್ತದೆ ಎಂದ, ಮಾತಿಲ್ಲವಲ್ಲ, ಅದಕ್ಕೆ. ಇನ್ನೊಂದು ದಿನ, ಚಹಾ ತಣ್ಣಗಾದರೂ ಕುಡಿಯಬಹುದು ಅಮ್ಮ ಎಂದ. ಯಾಕೋ ತಣ್ಣಗಾಗುತ್ತೆ ಎಂದು ಕೇಳಿದೆ. ಲೋಟ ತಂದು ಯಂತ್ರದ ಮೇಲೆ ಇಟ್ಟು ಹೋಗುತ್ತಾರೆ, ಕರೆಯುವುದಿಲ್ಲ, ಬೆನ್ನು ಹಾಕಿ ಕೂತವನಿಗೆ ಬಂದದ್ದೇ ತಿಳಿಯುವುದಿಲ್ಲ ಎಂದ. ಹೇಳುತ್ತಾ ನಕ್ಕ. ಮತ್ತೆ ಶುರುವಾಗಿದೆ ಆ ನಗು. ಭುಜ ಹಿಂದಿನದಕ್ಕಿಂತ ಕೆಳಗಿದೆ.

ನಿನ್ನೆ ಮಧ್ಯಾಹ್ನ ನಾನೇ ಹೊರಟೆ. ಮೊಣಕಾಲಿಗೆ ಎರಡು ಬೈದು ಮೆಟ್ಟಿಲು ಇಳಿದೆ. ಆ ಇಬ್ಬರಿಗೂ ಜನ್ಮಕ್ಕಾಗುವಷ್ಟು ಬೈಗುಳವನ್ನು ದಾರಿಯುದ್ದಕ್ಕೂ ಸಾಣೆ ಹಿಡಿದುಕೊಂಡು ಹೋದೆ.

ಅಂಗಡಿಯ ಹಿಂಬದಿಯಲ್ಲಿ ಯಂತ್ರದ ಹತ್ತಿರ ಅವರಿಬ್ಬರೂ ಉಂಡು ಏನೋ ಹೇಳಿಕೊಂಡು ನಗುತ್ತಿದ್ದರು. ಮುಂದಿನ ಕೋಣೆಯ ನಡುವೆ, ಪಟ್ಟೆ ಗವಸಿನ ಹೊಸ ಹಾಸಿಗೆಯ ಮೇಲೆ ನಿಮ್ಮಪ್ಪ ಮಲಗಿದ್ದ. ಗೋಡೆ ಬದಿಗಲ್ಲ, ನಟ್ಟನಡುವೆ, ಹಾದುಹೋಗುವವರ ಕಾಲಿಗೆ ಸಿಗುವ ಹಾಗೆ. ಅಂಗಿಯ ಅಂಚನ್ನು ಪಕ್ಕಕ್ಕೆ ಹರಡಿಕೊಂಡಿದ್ದ. ಕಣ್ಣು ಮುಚ್ಚಿತ್ತು. ಹೆತ್ತವಳಿಗೆ ಮಗನ ನಿದ್ದೆ ಗೊತ್ತಿರುವುದಿಲ್ಲವೆ ಪುಟ್ಟಿ, ಸ್ಕೂಲಿಗೆ ಹೋಗಲು ಮನಸ್ಸಿಲ್ಲದ ದಿನ ಹೀಗೇ ಮಲಗುತ್ತಿದ್ದ. ರೆಪ್ಪೆ ಅದುರುತ್ತಿತ್ತು. ಅವನು ನಿದ್ದೆ ಮಾಡುತ್ತಿರಲಿಲ್ಲ. ಕಾಯುತ್ತಿದ್ದ.

ಹತ್ತಿಮೀಸೆ ದಬ್ಬಳ ಹಿಡಿದು ಒಳಗಿಂದ ಬಂದ. ನಾನು ಬಾಗಿಲಲ್ಲೇ ನಿಂತೆ. ಅವನು ಹಾಸಿಗೆಯನ್ನು ಬಳಸಿಕೊಂಡು ಹೋಗಿ, ದಬ್ಬಳವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ತಿರುಗಿದವನು ನನ್ನನ್ನು ಕಂಡ.

ನಾನು ಮೆತ್ತಗೆ ಕೇಳಿದೆ, ‘ಏನಪ್ಪ, ದಾರ ಮುಗಿದು ಹೋಯ್ತಾ?’

ಅವನಿಗೆ ಅರ್ಥವಾಯಿತು. ‘ಅವರೇ ಬೇಡ ಅಂದ್ರಲ್ಲಮ್ಮ. ನಮಗ್ಯಾಕೆ ಬೇಕು. ಅವರ ಪಾಡಿಗೆ ಅವರಿರ್ಲಿ’ ಎಂದ. ನನಗೆ ಕೂರಲು ಸ್ಟೂಲು ತಂದುಕೊಟ್ಟ.

ಅವರು ಎಂದ, ಪುಟ್ಟಿ. ಇಷ್ಟು ವರ್ಷ ಲೇ ದಿಂಬು ಎಂದವನು, ಅವರು ಎಂದ. ಬೈಯಲು ಏನಾದರೂ ಹಿಡಿ ಬೇಕು. ಮರ್ಯಾದೆ ಕೊಡುವವನನ್ನು ಎಲ್ಲಿ ಹಿಡಿದು ಬೈಯಲಿ? ಸಾಣೆ ಹಿಡಿದದ್ದೆಲ್ಲ ಗಂಟಲಲ್ಲೇ ಮೊಂಡಾಯಿತು. ಅಷ್ಟರ ಮೇಲೆ ನನ್ನ ಬಾಯಿಂದ ಬಂದ ಮಾತು ಕೇಳಿದರೆ ನೀನು ನಂಬುವುದಿಲ್ಲ. ‘ಒಂದೆರಡು ಹೊಲಿಗೆ ಹಾಕಪ್ಪ’ ಎಂದೆ. ನನ್ನ ಮಗನನ್ನು ಆಡಿಕೊಳ್ಳಿ ಎಂದು ನಾನೇ ಕೈಮುಗಿಯುವುದೊಂದು ಬಾಕಿ ಇತ್ತು. ಅವನು ತಲೆ ತಗ್ಗಿಸಿ, ಬೇಡಮ್ಮ, ಸರಿಹೋಗಲ್ಲ ಎಂದು ಒಳಗೆ ಹೋದ. ನಾನು ನಿಮ್ಮಪ್ಪನನ್ನು ಎಬ್ಬಿಸದೆ ಮನೆಗೆ ಬಂದೆ.

ಇಷ್ಟನ್ನು ಮಧ್ಯಾಹ್ನ ಬರೆದಿದ್ದೆ. ಈಗ ನಿಮ್ಮಪ್ಪ ಬಂದಿದ್ದಾನೆ, ಎದುರಿಗೇ ಕೂತಿದ್ದಾನೆ. ನೀನು ಬರೆದದ್ದೆಲ್ಲ ಅವನಿಗೂ ಗೊತ್ತು. ಇಷ್ಟೂ ದಿನ ನಿನಗೇನು ಉತ್ತರ ಹೇಳಲಿ ಎಂದು ಅವನೂ ತಲೆ ಕೆರೆದುಕೊಂಡಿದ್ದ. ಇವತ್ತು ಬಾಗಿಲಲ್ಲೇ ನಗುತ್ತಾ ಬಂದ. ‘ಅಮ್ಮ, ಇವತ್ತು ಮತ್ತೆ ಹೊಲಿದ್ರು’ ಎಂದು ಅಂಗಿಯ ಅಂಚು ತೋರಿಸಿದ. ಹಾಸಿಗೆ ಸಮೇತ ಎದ್ದದ್ದು, ಹತ್ತಿಮೀಸೆ ನಕ್ಕು ನಕ್ಕು ಕೆಮ್ಮಿದ್ದು, ಮಾಸ್ಟರು ಬೆನ್ನು ತಟ್ಟಿ ಬಿಸಿ ಚಹಾ ಕೊಟ್ಟದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಬರಿ ಅಮ್ಮ, ಅವಳಿಗೆ ಈಗಲೇ ಬರಿ ಎಂದು ಕೂತಿದ್ದಾನೆ. ಅವನು ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಬರೆಯುತ್ತೇನೆ:

‘ಅವರ ಹತ್ರ ಹೋಗು ಮಗಳೆ. ಹಾಸಿಗೆ ಅಂದ್ರೆ ಅನ್ನಲಿ, ನೀನೂ ಜೊತೇಲಿ ನಗು. ಒಂದೇ ದಿನ ಕಷ್ಟ, ಆಮೇಲೆ ಎಲ್ಲ ಮೊದಲಿನ ಹಾಗೆ ಆಗುತ್ತೆ. ನನಗೆ ಆಯ್ತಲ್ಲ.’

ಬರೆದೆ ಎಂದು ತೋರಿಸಿದೆ. ಓದಿ ತಲೆಯಾಡಿಸಿದ. ಮೇಲಿನ ಹಾಳೆಗಳನ್ನು ನನ್ನ ಕೈ ಕೆಳಗೆ ಇಟ್ಟುಕೊಂಡಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ರೋಗಿಗಳ ಹತ್ತಿರ ಹೋಗಿ ಬಂದರೆ ಕೈ ತೊಳೆ. ನಿನ್ನ ಕಾಲಿಗೆ ಮುಳ್ಳೂ ಚುಚ್ಚದಿರಲಿ, ನಿನ್ನ ಕೈಯಿಂದ ನಾಲ್ಕು ಜನರ ನೋವು ಇಳಿಯಲಿ. ಇದಕ್ಕಿಂತ ದೊಡ್ಡದನ್ನು ಕೇಳಿಕೊಂಡರೆ ದೇವರು ಈಚೆಗೆ ಮುಖ ತಿರುಗಿಸುತ್ತಾನೆ.

ಯಾವಾಗಲೂ ನಿನ್ನವಳೇ ಆದ
ಅಜ್ಜಿ

ಮರೆತಿದ್ದು: ಪುಟ್ಟಿ, ನಿಮ್ಮಪ್ಪ ಅಂಚೆಚೀಟಿ ತರಲು ಕೆಳಗಿಳಿದಿದ್ದಾನೆ. ಬರುವುದರೊಳಗೆ ಬರೆಯಬೇಕು.

ಅಂಗಿ ನನ್ನ ತೊಡೆಯ ಮೇಲಿದೆ. ಅವರು ಹೊಲಿಯುತ್ತಿದ್ದದ್ದು ನಗು ತಡೆದುಕೊಂಡು, ಎಚ್ಚರವಾದೀತೆಂದು ಅವಸರದಲ್ಲಿ, ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ವರ್ಷಗಟ್ಟಲೆ ಕಿತ್ತ ನನಗೆ ಅದು ಗೊತ್ತು. ಇದು ನೇರವಾಗಿದೆ. ಗೀಟು ಎಳೆದ ಹಾಗೆ, ಒಂದೇ ಅಳತೆ. ಆ ಅಂಗಡಿಯಲ್ಲಿ ಹೀಗೆ ಹೊಲಿಯುವ ಕೈ ಒಂದೇ. ಹೊಲಿಗೆ ವಾಲಿರುವುದೂ ಎಡಗೈಯವರದು ವಾಲುವ ಕಡೆಗೆ. ನಿನಗೂ ಗೊತ್ತಲ್ಲ, ಉಣ್ಣುವುದೊಂದು ಬಿಟ್ಟು ಅವನದೆಲ್ಲ ಎಡಗೈ.

ಯಾರೂ ಹೊಲಿಯಲಿಲ್ಲ. ಯಾರೂ ನಗಲಿಲ್ಲ. ನಿನ್ನೆ ನಾನು ಹೋದಾಗ ಅವನಿಗೆ ಎಚ್ಚರವಿತ್ತು, ನಾನು ಹತ್ತಿಮೀಸೆಯನ್ನು ಬೇಡಿಕೊಂಡದ್ದೂ ಕೇಳಿಸಿದೆ. ಅದಕ್ಕೇ ಇವತ್ತು ನನಗಾಗಿ, ನಿನಗಾಗಿ, ತನ್ನ ಅಂಗಿಗೆ ತಾನೇ ದಬ್ಬಳ ಹಾಕಿಕೊಂಡು ಬಂದಿದ್ದಾನೆ. ಪಾಪ, ಸುಳ್ಳಿಗಾದರೂ ಅಡ್ಡಾದಿಡ್ಡಿ ಹೊಲಿಯಲು ಅವನಿಗೆ ಬರಲಿಲ್ಲ. ನಾನು ನೋಡಿ, ಚೆನ್ನಾಗಿ ಹೊಲಿದಿದ್ದಾರೆ ಕಣೋ ಎಂದೆ. ಖುಷಿಪಟ್ಟ.

ಆದ್ದರಿಂದ ಮೇಲೆ ಅವನು ಬರೆಸಿದ್ದನ್ನು ಮಾಡಬೇಡ. ಅವರ ಹತ್ತಿರ ಹೋಗಬೇಡ. ಹೋದರೂ ಮೊದಲಿನ ಹಾಗೆ ಆಗುವುದಿಲ್ಲ, ಮೊದಲಿನದೂ ಚೆನ್ನಾಗಿರಲಿಲ್ಲ. ನಿನ್ನ ಬೆನ್ನಿಗೆ ನೀನೇ ಚೀಟಿ ಅಂಟಿಸಿಕೊಳ್ಳುವ ದಿನ ಬರಬಾರದು. ಹಾಗಾದರೆ ಏನು ಮಾಡಲಿ ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ಹೋದ ಸಲ ಗೊತ್ತಿದೆ ಎಂದು ಹೇಳಿ ನಿಮ್ಮಿಬ್ಬರನ್ನೂ ಒಂಟಿ ಮಾಡಿದೆ. ನಲ್ಲಿಯ ಹತ್ತಿರ ಒಬ್ಬಳೇ ಕೂತು ಉಣ್ಣುವ ಹುಡುಗಿಯ ಬಗ್ಗೆ ಬರೆದಿದ್ದೆಯಲ್ಲ, ನೀವೆಲ್ಲ ಕೊಕ್ಕರೆ ಎನ್ನುತ್ತೀರಂತೆ, ನೀನೂ ಅಂದಿದ್ದೀಯಂತೆ. ಅವಳ ಪಕ್ಕ ಹೋಗಿ ಕೂರು. ಎದ್ದು ಹೋದರೂ ಹೋದಾಳು. ಹೋದರೆ ಹೋಗಲಿ, ನೀನು ಕೂತು ಉಣ್ಣು.

ಇನ್ನೊಂದು. ಮುಂದಿನ ಕಾಗದ ಅವನ ಹೆಸರಿಗೆ ಬರೆ. ನೀವು ಹೇಳಿದ ಹಾಗೆ ಮಾಡಿದೆ ಅಪ್ಪ, ನಗುತ್ತಾ ಹೋದೆ, ಎಲ್ಲರೂ ಸೇರಿಸಿಕೊಂಡರು ಎಂದು ಬರೆ. ಚೆನ್ನಾಗಿ ಬರೆ, ಅವನಿಗೆ ಅನುಮಾನ ಬರಬಾರದು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸುತ್ತಿದೆ. ನಿನ್ನ ಆ ಕಾಗದವನ್ನು ಅವನು ನನ್ನ ಎದುರು ಕೂತು ಗಟ್ಟಿಯಾಗಿ ಓದುತ್ತಾನೆ. ನಾನು ಕೇಳಿಸಿಕೊಳ್ಳುತ್ತೇನೆ.